ತೋಳಿಲ್ಲದ ಪೋಲಕಾ

ಹಸಿರು ಖಣದ ಬಟ್ಟೆ ಕಣ್ಣಿಗೆ ಬಿದ್ದರೆ ಸಾಕು, ಇಂದಿಗೂ ನನ್ನ ಎರಡೂ ತೋಳು ತಣ್ಣಗಾಗುತ್ತವೆ. ನನಗೇ ಗೊತ್ತಿಲ್ಲದಂತೆ ಸೆರಗನ್ನು ಎಳೆದು ಹೊದ್ದುಕೊಳ್ಳುತ್ತೇನೆ. "ಫ್ಯಾನ್ ಸಣ್ಣದು ಮಾಡಲೇನ್ರಿ ಅತ್ತಿ?" ಎಂದು ಸೊಸೆ ಕೇಳುತ್ತಾಳೆ. ಆ ಥಂಡಿ ಫ್ಯಾನಿನದಲ್ಲ, ಲಕ್ಷ್ಮೇಶ್ವರದ ಒಂದು ಪಡಸಾಲೆಯದು ಎಂದು ಆಕೆಗೆ ಹೇಗೆ ತಿಳಿಸಿ ಹೇಳಲಿ?

ಎಪ್ಪತ್ತರ ದಶಕದ ಮಾತು. ಗದಗಿನಲ್ಲಿ ನಮ್ಮ ಮನೆ. ಅಪ್ಪ ಶಾಲೆಯ ಮಾಸ್ತರರು. ಅಕ್ಕನನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿತ್ತು. ದೊಡ್ಡ ಮನೆ, ಕಾಳಿನ ಪೇಟೆಯ ಹತ್ತಿರ, ಮಾವನವರು, ಅಂದರೆ ಅಕ್ಕನ ಗಂಡ, ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನು ಮೆಟ್ರಿಕ್ ಮುಗಿಸಿ ಮನೆಯಲ್ಲಿದ್ದೆ. ಸುಮ್ಮನೆ ಕೂತರೆ ಬುದ್ಧಿ ಕೆಡುತ್ತದೆ ಎಂದು ಅವ್ವ ನನ್ನನ್ನು ಬೆಟಗೇರಿಯ ಒಂದು ಹೊಲಿಗೆ ಕ್ಲಾಸಿಗೆ ಹಾಕಿದ್ದಳು. ನೇಕಾರರ ಓಣಿ ದಾಟಿ ಹೋಗಬೇಕು. ಎರಡೂ ಬದಿಯ ಮನೆಗಳಿಂದ ಮಗ್ಗದ ಲಟಕ್ ಲಟಕ್ ಸಪ್ಪಳ. ಆ ಸಪ್ಪಳಕ್ಕೆ ಹೆಜ್ಜೆ ಕೂಡಿಸಿಕೊಂಡು ನಡೆಯುವುದೇ ಒಂದು ಸುಖ.

ಅಪ್ಪ ಯಾರಿಂದಲೋ ಹಳೇ ಮಷೀನೊಂದನ್ನು ತಂದುಕೊಟ್ಟ ಮೇಲಂತೂ ನನ್ನನ್ನು ಹಿಡಿಯುವವರೇ ಇರಲಿಲ್ಲ. ತಲೆದಿಂಬಿಗೆ ಗವಸಣಿಗೆ ಹೊಲಿದೆ, ಕಿಡಕಿಗೆ ಪರದೆ ಹೊಲಿದೆ, ರೇಡಿಯೋಕ್ಕೆ ಅಂಗಿ ಹೊಲಿದೆ, ಬಜಾರದ ಚೀಲಕ್ಕೆ ಝಾಲರಿ ಹಚ್ಚಿದೆ. "ನೀರಿನ ಕೊಡ ಒಂದು ಉಳಿದೈತಿ ನೋಡು, ಅದಕ್ಕೂ ಒಂದು ಲಂಗಾ ಹೊಲಿ," ಎಂದು ಅಪ್ಪ ನಗುತ್ತಿದ್ದರು. ಕ್ಲಾಸಿನಲ್ಲಿ ಕಲಿಸುವ ಬಾಯಿಯವರು, ಅಂದರೆ ಟೀಚರು, ನನ್ನ ಹೊಲಿಗೆಯನ್ನು ಒಳಮೈ ಹೊರಗೆ ಮಾಡಿ ಉಳಿದ ಹುಡುಗಿಯರಿಗೆ ತೋರಿಸುತ್ತಿದ್ದರು. ಒಳಗೆ ಒಂದು ಎಳೆ ಹೆಚ್ಚಿನ ಬಟ್ಟೆ ಇರುತ್ತಿರಲಿಲ್ಲ. ಹೊಲಿಗೆಯ ಗುಂಟ ಒತ್ತಿ ಕತ್ತರಿಸಿ ಸಾಪು ಮಾಡಿಬಿಡುತ್ತಿದ್ದೆ. ಅದೇ ನನ್ನ ಹೆಚ್ಚುಗಾರಿಕೆ.

ಆ ವರ್ಷ ಅಕ್ಕ ಬಸುರಾದಳು. ಏಳನೇ ತಿಂಗಳಲ್ಲಿ ಕುಬಸ ಮಾಡಬೇಕು. ನಮ್ಮ ಕಡೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ಎಲ್ಲ ಕಟ್ಟಿಕೊಂಡು ಮಗಳ ಮನೆಗೆ ಹೋಗಿ ಆಕೆಗೆ ಹೊಸ ಕುಬಸ ತೊಡಿಸಿ, ಆರತಿ ಮಾಡಿ, ಉಡಿ ತುಂಬುತ್ತಾರೆ. ಕುಬಸ ಅಂದರೆ ಮೈಮೇಲಿನ ರವಿಕೆ. ಆ ಕಾರ್ಯಕ್ಕೂ ಅದೇ ಹೆಸರು. ಸೀರೆ ಸಾದಾ ಇದ್ದರೆ ಯಾರೂ ಕೇಳುವುದಿಲ್ಲ, ಹೋಳಿಗೆ ಒಡೆದಿದ್ದರೆ ತುಪ್ಪ ಸುರಿದು ಮುಚ್ಚಬಹುದು. ಆದರೆ ನೆರೆದ ಹೆಂಗಸರೆಲ್ಲ ಕಣ್ಣಿಟ್ಟು ನೋಡುವುದು ಆ ಕುಬಸವನ್ನು. ತವರಿನ ಮಾನ ಇರುವುದು ಅದರಲ್ಲಿ.

"ಕುಬಸಾ ನಾನ ಹೊಲಿತೇನವಾ," ಎಂದೆ.

ಅವ್ವ ಸ್ವಲ್ಪ ಹಿಂದೆಮುಂದೆ ನೋಡಿದಳು. ಆಮೇಲೆ ಒಪ್ಪಿದಳು. ಪೇಟೆಗೆ ಹೋಗಿ ಹಸಿರು ಖಣ ತಂದಳು, ಅಂಚಿನಲ್ಲಿ ಕೆಂಪು ದಡಿ, ಮೈತುಂಬ ಸಣ್ಣ ತೇರಿನ ಚಿತ್ತಾರ. ಅಕ್ಕನಿಗೆ ಒಂದು ಕುಬಸ, ನನಗೆ ಒಂದು ಪೋಲಕಾ ಆಗುವಷ್ಟು ತಂದಿದ್ದಳು. ಅಕ್ಕತಂಗಿ ಇಬ್ಬರೂ ಒಂದೇ ನಮೂನೆ ಕಾಣಲಿ ಎಂಬ ಆಸೆ ಅವಳಿಗೆ. ಆ ಕಾಲಕ್ಕೆ ನಾನಿನ್ನೂ ಪರಕಾರ-ಪೋಲಕಾ ಹಾಕುತ್ತಿದ್ದೆ, ಅಂದರೆ ಉದ್ದ ಲಂಗ ಮತ್ತು ಗಿಡ್ಡ ರವಿಕೆ.

ಅಕ್ಕ ಈಗ ಹಾಕಿಕೊಳ್ಳುವ ಕುಬಸವನ್ನೇ ಅಳತೆಗೆ ಕಳಿಸಬೇಕೆಂದು ಹೇಳಿಕಳಿಸಿದ್ದೆವು. ಯಾವುದೋ ಕೆಲಸಕ್ಕೆ ಗದಗಿಗೆ ಬಂದ ಮಾವನವರು ಅದನ್ನು ಒಂದು ವಸ್ತ್ರದಲ್ಲಿ ಸುತ್ತಿ ತಂದುಕೊಟ್ಟರು. ಬಿಚ್ಚಿದರೆ, ಟ್ರಂಕಿನ ಬಟ್ಟೆಗೆ ಹುಳ ಬೀಳದಂತೆ ಇಡುವ ಡಾಂಬರ ಗುಳಿಗೆಯ ವಾಸನೆ. ಅಕ್ಕನ ಮದುವೆಯ ನೀಲಿ ಕುಬಸ. ಇಸ್ತ್ರಿಯ ಮಡಿಕೆ ಇನ್ನೂ ಮುರಿದಿರಲಿಲ್ಲ.

ಅಷ್ಟೊತ್ತಿಗೆ ಮುಂಡರಗಿಯಿಂದ ದೊಡ್ಡವ್ವ ಬಂದಿಳಿದಿದ್ದಳು, ಅವ್ವನ ಅಕ್ಕ. ಮನೆಯಲ್ಲಿ ಯಾವ ಕಾರ್ಯವಿದ್ದರೂ ಹಿಟ್ಟು ನಾದುವುದಕ್ಕೆ, ಹಾಡು ಹೇಳುವುದಕ್ಕೆ, ಎಲ್ಲರಿಗೂ ಬೈಯುವುದಕ್ಕೆ ಅವಳೇ ಬೇಕು. ನನಗೆ ಮಾತು ಕಲಿಸಿದವಳೂ ಅವಳೇ. ಈಗ ನಾನು ನಾಲ್ಕು ಮಂದಿ ಕೂತು ಕೇಳುವಂತೆ ಏನಾದರೂ ಹೇಳುತ್ತೇನೆ ಎಂದರೆ, ಅದು ಅವಳ ಬಾಯಿಂದ ಉದುರಿದ್ದನ್ನು ಆರಿಸಿಕೊಂಡದ್ದು. ಅವಳು ಆ ನೀಲಿ ಕುಬಸವನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದು ನೋಡಿದಳು.

"ಏಳ ತಿಂಗಳ ಬಸರಿ ಹಾಕ್ಕೊಳ್ಳೋ ಕುಬಸೇನ ಇದು? ಇದರಾಗ ನನ್ನ ಒಂದ ಕೈ ಹಿಡಿಯಂಗಿಲ್ಲ."

"ನಿನ್ನ ಕೈ ಯಾವದ್ರಾಗ ಹಿಡಿತೈತಿ ದೊಡ್ಡವ್ವಾ? ಅಕ್ಕ ಮೊದಲಿಂದೂ ಸಣಕಲಿ."

"ನಗು, ನಗು. ಒಳಗ ಬೆರಳ ತುಂಬ ಬಟ್ಟಿ ಬಿಟ್ಟು ಹೊಲಿ. ಬೇಕಾತಂದ್ರ ಬಿಚ್ಚಾಕ ಬರ್ತೈತಿ."

"ಅದು ಹಳೇ ಮಂದಿ ಹೊಲಗಿ. ನಮ್ಮ ಕ್ಲಾಸಿನ್ಯಾಗ ಹಂಗ ಬಿಟ್ರ ನಗತಾರ."

"ಹಂಗಾರ ನಿನ್ನ ಕ್ಲಾಸಿನವ್ವನ್ನ ಲಕ್ಷ್ಮೇಶ್ವರಕ್ಕ ಕರಕೊಂಡ ಹೋಗು, ನನ್ನ ಬ್ಯಾಡ," ಎಂದಳು ದೊಡ್ಡವ್ವ. ಅವ್ವ ಏನೂ ಮಾತಾಡಲಿಲ್ಲ. ನೀಲಿ ಕುಬಸವನ್ನು ಒಂದು ಸಲ ನೋಡಿ, ಕಣಕ ನಾದಲು ಅಡಿಗೆಮನೆಗೆ ಎದ್ದುಹೋದಳು. ಅವ್ವನ ಆ ಸುಮ್ಮನಿರುವಿಕೆ ನನಗೆ ಆಗ ಕೇಳಿಸಲೇ ಇಲ್ಲ. ಮಷೀನಿನ ಸಪ್ಪಳದಲ್ಲಿದ್ದೆ.

ಅಕ್ಕನ ಕುಬಸವನ್ನು ನೀಲಿಯ ಅಳತೆಗೆ ಎಳೆಯಷ್ಟೂ ಹೆಚ್ಚುಕಡಿಮೆ ಇಲ್ಲದಂತೆ ಹೊಲಿದೆ. ಒಳಗಿನ ಬಟ್ಟೆಯನ್ನೆಲ್ಲ ಒತ್ತಿ ಕತ್ತರಿಸಿದೆ. ನನ್ನ ಪೋಲಕಾಕ್ಕೆ ಪುಗ್ಗಾ ತೋಳು ಇಟ್ಟೆ. ಎರಡೂ ಭುಜದ ಮೇಲೆ ಊದಿಕೊಂಡು ನಿಲ್ಲುವ, ಗುಬ್ಬಿ ಕೂತಂತೆ ಕಾಣುವ ತೋಳು. ಹಾಕಿಕೊಂಡು ಕನ್ನಡಿಯ ಮುಂದೆ ಅತ್ತ ಇತ್ತ ತಿರುಗಿದ್ದೇ ತಿರುಗಿದ್ದು.

ಕಾರ್ಯದ ದಿನ ಬೆಳಿಗ್ಗೆ ಅವ್ವ, ದೊಡ್ಡವ್ವ, ನಾನು ಬಸ್ಸು ಹತ್ತಿದೆವು. ಅಪ್ಪನಿಗೆ ಶಾಲೆ. ಅಲ್ಲದೆ ಅದು ಹೆಂಗಸರ ಕಾರ್ಯ. ಶೇಂಗಾ ಹೋಳಿಗೆ, ಕರ್ಚಿಕಾಯಿ, ಸಜ್ಜಿ ರೊಟ್ಟಿ, ಮೊಸರು ಬುತ್ತಿ ಎಲ್ಲ ಬುಟ್ಟಿಯಲ್ಲಿ. ಬುಟ್ಟಿಯ ಮೇಲೆ ನಾನು ಕಸೂತಿ ಹಾಕಿದ ಮುಚ್ಚಿಗೆ. ಶಿರಹಟ್ಟಿಯಲ್ಲಿ ಬಸ್ಸು ನಿಂತಾಗ ಕೆಳಗಿನಿಂದ ಹತ್ತಿದ ಒಬ್ಬ ಅಜ್ಜಿ, "ಯಾವ ಊರಿನ ಕುಬಸವ್ವಾ?" ಎಂದು ಕೇಳಿದಳು. "ಲಕ್ಷ್ಮೇಶ್ವರ. ನಮ್ಮ ಅಕ್ಕಂದು. ಕುಬಸಾ ನಾನ ಹೊಲಿದೇನಿ," ಎಂದೆ. ಕೇಳದೇ ಇದ್ದದ್ದನ್ನೂ ಹೇಳಿದೆ. ಆ ಅಜ್ಜಿಯ ನೆನಪಾದಾಗಲೂ ಮುಖ ಬಿಸಿಯಾಗುತ್ತದೆ.

ಲಕ್ಷ್ಮೇಶ್ವರದ ಮನೆಯ ಪಡಸಾಲೆ ಹೆಂಗಸರಿಂದ ತುಂಬಿತ್ತು. ಅಕ್ಕನ ಅತ್ತೆ ಎತ್ತರದ ಆಳು, ಮಾತು ಚುರುಕು. ಬಾಗಿಲಲ್ಲೇ ನನ್ನ ತೋಳು ನೋಡಿದರು. "ಬರ್ರಿ ಬೀಗತೆವ್ವಾರ, ಕುಂಡ್ರಿ. ಸಣ್ಣಾಕಿ ಭುಜದ ಮ್ಯಾಲ ಬದನಿಕಾಯಿ ಹೊತ್ಕೊಂಡ ಬಂದಾಳಲ್ಲ!" ಎಲ್ಲರೂ ನಕ್ಕರು. ನನಗೇನೂ ಅನ್ನಿಸಲಿಲ್ಲ. ನೋಡಿದರಲ್ಲ, ಅಷ್ಟೇ ಸಾಕಿತ್ತು.

ಅಕ್ಕ ಒಳಗಿನ ಖೋಲಿಯಲ್ಲಿದ್ದಳು. ಮೈ ತುಂಬಿಕೊಂಡಿದ್ದಳು, ಮುಖ ಮಾತ್ರ ಸಣ್ಣದಾಗಿತ್ತು. ಕುಬಸ ತೊಡಿಸಿ ಕರೆತರುವ ಕೆಲಸ ತಂಗಿಯದು ಎಂದು ನನ್ನನ್ನು ಒಳಗೆ ಕಳಿಸಿದರು. ಬಾಗಿಲು ಹಾಕಿಕೊಂಡೆ.

"ನೀನ ಹೊಲಿದ್ಯಂತ?" ಎಂದಳು ಅಕ್ಕ. ದನಿಯಲ್ಲಿ ಏನೋ ಅಂಜಿಕೆ.

"ಮತ್ತ? ಕೈ ತೂರ್ಸು, ನೋಡೂಣು."

ಕೈ ತೂರಿತು, ಮೊಳಕೈ ದಾಟಿ ಮೇಲೆ ಏರಲು ಒದ್ದಾಡಿತು. ಹೇಗೋ ಎಳೆದೆವು. ಮುಂದೆ ಹುಕ್ಕು ಹಾಕಲು ಹೋದರೆ ಎರಡೂ ಅಂಚಿನ ನಡುವೆ ಅಂಗೈ ಅಗಲ ಜಾಗ. ಉಸಿರು ಹಿಡಿ ಎಂದೆ, ಹಿಡಿದಳು. ಎಂತಹ ಉಸಿರು, ಒಳಗೆ ಕೂಸು ಇದೆ. ನನ್ನ ಬೆರಳು ಬೆವತು ಹುಕ್ಕು ಜಾರತೊಡಗಿತು. ಹೊರಗೆ ಆರತಿಯ ಹಾಡು ಶುರುವಾಗಿತ್ತು.

"ಬಿಚ್ಚಾಕ ಬರಂಗಿಲ್ಲೇನ?" ಎಂದಳು ಅಕ್ಕ.

ಬಗಲು ಹೊರಳಿಸಿ ನೋಡಿದೆ. ಬಿಚ್ಚಲು ಒಳಗೆ ಏನಿತ್ತು? ನಾನೇ ಒತ್ತಿ ಕತ್ತರಿಸಿ ಸಾಪು ಮಾಡಿದ ಹೊಲಿಗೆ. ಬಾಯಿಯವರು ಹುಡುಗಿಯರಿಗೆ ತೋರಿಸುತ್ತಿದ್ದರಲ್ಲ, ಅದು.

"ನೀ ಯಾಕ ಆ ನೀಲಿ ಕುಬಸಾ ಕಳಿಸಿದಿ? ಈಗಿಂದು ಕಳಸ ಅಂದಿದ್ವಿ," ಎಂದೆ. ಅಳು ಬಂದಿತ್ತು, ಅದಕ್ಕೇ ದನಿ ಬಿರುಸಾಯಿತು.

ಅಕ್ಕ ಕಳಚಿ ಟ್ರಂಕಿನ ಮೇಲೆ ಇಟ್ಟಿದ್ದ ತನ್ನ ಕುಬಸದ ಮೇಲೆ ಸೆರಗು ಎಳೆಯಲು ಕೈ ಚಾಚಿದಳು. ನಾನು ಅದನ್ನು ಎತ್ತಿಬಿಟ್ಟೆ. ಬಣ್ಣ ಹೋಗಿ ಯಾವ ಬಣ್ಣವೆಂದು ಹೇಳಲಾಗದ ಬಟ್ಟೆ. ಎರಡೂ ಬಗಲಲ್ಲಿ ಹಳೇ ಧೋತರದ ತುಂಡು ಕೂಡಿಸಿ ಅಗಲ ಮಾಡಿದ್ದಳು. ಒಂದು ಬಗಲಲ್ಲಿ ಆ ತುಂಡಿಗೂ ಮತ್ತೊಂದು ತೇಪೆ. ಕೈಹೊಲಿಗೆ, ಸಣ್ಣ ಸಣ್ಣ ಟಾಕಿ, ಅಕ್ಕನದೇ. ಚಿಕ್ಕವಳಿದ್ದಾಗ ನನ್ನ ಗೊಂಬೆಯ ಅಂಗಿಗೆ ಹಾಕುತ್ತಿದ್ದ ಟಾಕಿ.

"ಇದ್ದದ್ದು ಹಿಂತಾವ ನೋಡು," ಎಂದಳು ಅಕ್ಕ, ಗೋಡೆ ನೋಡಿಕೊಂಡು. "ನಾದಿನಿ ಮದುವಿ ಆತು, ರೊಕ್ಕೆಲ್ಲ ಅದಕ್ಕ ಹೋತು, ಮನ್ಯಾಗ ಯಾರಿಗೂ ಏನೂ ಹೊಸಾದು ಇಲ್ಲ. ಕೇಳಿದ್ರ ಕೊಡತಿದ್ರೇನೋ. ನನಗ ಕೇಳಾಕ ಬಾಯಿ ಬರ್ಲಿಲ್ಲ. ಇದನ್ನ ಅಳತಿಗೆ ಕಳಿಸಿದ್ರ ಅವ್ವ ನೋಡ್ತಿದ್ಲು. ಅವ್ವಗ ಹೇಳಬ್ಯಾಡ."

ಗದಗಿನಲ್ಲಿ ಆ ನೀಲಿ ಕುಬಸವನ್ನು ಕೈಯಲ್ಲಿ ಹಿಡಿದಿದ್ದೆ. ಮಡಿಕೆ ಮುರಿಯದ್ದನ್ನು ಕಣ್ಣಿಂದ ಕಂಡಿದ್ದೆ. ಅದು ಟ್ರಂಕಿನ ತಳದಿಂದ ಎದ್ದು ಬಂದದ್ದು, ಮೈಮೇಲಿನದಲ್ಲ ಎಂದು ಅದರ ವಾಸನೆಯೇ ಹೇಳಿತ್ತು. ನಾನು ಎದೆ, ಭುಜ, ಉದ್ದ ಎಂದು ಟೇಪು ಹಿಡಿದು ಅಳೆದಿದ್ದೆ. ಹೊಲಿಗೆ ಕಲಿತವಳು ಎಂದು ಶಿರಹಟ್ಟಿಯ ಬಸ್ಸಿನಲ್ಲಿ ಸಾರಿಕೊಂಡು ಬಂದಿದ್ದೆ.

ಆಗ ಬಾಗಿಲು ತೆರೆಯಿತು. ಅಕ್ಕನ ಅತ್ತೆ.

"ಏನ ಮಾಡಾಕತ್ತೀರೇ ಒಳಗ? ಆರತಿ ಆರಿ ಹೊಂಟೈತಿ." ಮುಂದೆ ಬಂದರು, ಕಂಡರು. "ಇದೇನಿದು? ಗದಗಿನ ಹೊಲಗಿ ಇದೇನ? ನೆರೆದ ಮಂದಿ ಮುಂದ ಹಿಂಗ ಕರಕೊಂಡ ಬರಬೇಕೇನ ನನ್ನ ಸೊಸಿನ್ನ?"

"ತಂಗೀದೇನೂ ತಪ್ಪಿಲ್ರಿ ಅತ್ತಿ. ಅಳತಿ ನಾನ ತಪ್ಪ ಕಳಿಸೇನ್ರಿ."

"ಯಾಕ?"

ನನ್ನ ಕೈಯಲ್ಲಿ ಆ ತೇಪೆಯ ಕುಬಸ ಇನ್ನೂ ಇತ್ತು. ಮುಚ್ಚಿಡಲು ಹೊತ್ತಾಗಲಿಲ್ಲ. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು, ಬಗಲು ಹೊರಳಿಸಿ ನೋಡಿದರು. ಧೋತರದ ಅಂಚು ಗುರುತು ಸಿಕ್ಕಿರಬೇಕು, ಅವರ ಮನೆಯದೇ. ಮುಖದ ಬಿಗಿ ಸಡಿಲಾಯಿತು. ಅದನ್ನು ಸಣ್ಣದಾಗಿ ಮಡಚಿ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲೆ ಸೆರಗು ಎಳೆದರು.

"ನನಗ್ಯಾಕ ಹೇಳ್ಲಿಲ್ಲವಾ?" ಎಂದರು ಸೊಸೆಗೆ, ಬಹಳ ಸಣ್ಣ ದನಿಯಲ್ಲಿ. ಆಮೇಲೆ ನನ್ನ ಕಡೆ ತಿರುಗಿದರು. "ಸೂಜಿ ದಾರ ಕೊಡತೇನಿ. ಏನರ ಮಾಡಾಕ ಬರ್ತೈತೋ, ಇಲ್ಲೋ?"

ಮಾಡಲು ಬರುತ್ತಿತ್ತು. ಬಗಲು ಬಿಚ್ಚಿ ಎರಡೂ ಕಡೆ ತುಂಡು ಕೂಡಿಸಬೇಕು, ಅಕ್ಕ ಮಾಡಿಕೊಂಡ ಹಾಗೆ. ಆದರೆ ಅದೇ ಖಣ ಬೇಕು. ಉಳಿದ ಚೂರುಗಳು ಗದಗಿನಲ್ಲಿ ಮಷೀನಿನ ಕೆಳಗೆ. ಅತ್ತೆಯ ಕಣ್ಣು, ಅಕ್ಕನ ಕಣ್ಣು, ಎರಡೂ ಒಮ್ಮೆಗೇ ನನ್ನ ಭುಜಕ್ಕೆ ಬಂದವು. ನಾನೂ ನೋಡಿಕೊಂಡೆ.

ಪುಗ್ಗಾ ತೋಳಿಗೆ ಬಟ್ಟೆ ಬಹಳ ಹಿಡಿಯುತ್ತದೆ.

ಅತ್ತೆ ಕತ್ತರಿಯನ್ನೂ ತಂದುಕೊಟ್ಟರು. ಬಾಗಿಲು ಎಳೆದುಕೊಂಡು ಹೊರಗೆ ಹೋಗಿ, "ಹುಕ್ಕ ಒಂದು ಕಿತ್ತೈತಂತ, ಹಚ್ಚಾಕತ್ತಾರ, ತಡೀರಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ನಾನು ಪೋಲಕಾ ಕಳಚಿ ಎರಡೂ ತೋಳು ಕತ್ತರಿಸಿದೆ. ನೆರಿಗೆ ಬಿಚ್ಚಿ ಚಪ್ಪಟೆ ಮಾಡಿದೆ. ಅಕ್ಕ ಒಂದು ಬಗಲು, ನಾನು ಒಂದು ಬಗಲು. ತಲೆಗೆ ತಲೆ ತಾಗಿಸಿ ಕೂತು ಹೊಲಿದೆವು. ಅವಳ ಟಾಕಿ ನನ್ನದಕ್ಕಿಂತ ಸಣ್ಣವು. ಒಂದು ಸಲ ನಕ್ಕಳು. "ನಿನ್ನ ಬದನಿಕಾಯಿ ಹೋದ್ವಲ್ಲೇ," ಎಂದಳು. ನನಗೆ ನಗು ಬರಲಿಲ್ಲ.

ಹೊರಗೆ ಹೊತ್ತು ಕಳೆಯುವ ಕೆಲಸ ದೊಡ್ಡವ್ವ ಹಿಡಿದಿದ್ದಳು. ಆಕೆಗೆ ಯಾರೂ ಏನೂ ಹೇಳಿರಲಿಲ್ಲ, ಆದರೂ ತಿಳಿದುಕೊಂಡಿದ್ದಳು. ಹಾಡು ಮುಗಿದ ಕೂಡಲೇ, ಎಲ್ಲರೂ ಒಡಪು ಕಟ್ಟಿ ಗಂಡನ ಹೆಸರು ಹೇಳಬೇಕು, ಹೇಳದವರಿಗೆ ಹೋಳಿಗೆ ಇಲ್ಲ ಎಂದು ಗುಲ್ಲೆಬ್ಬಿಸಿದಳು. ಒಬ್ಬೊಬ್ಬರೂ ನಾಚಿ, ಮುಲುಗಿ, ನಕ್ಕು, ಒಡಪು ಹೇಳುತ್ತಿದ್ದದ್ದು ಒಳಗೆ ಕೇಳುತ್ತಿತ್ತು. ಬಾಯಿ ಮುಚ್ಚಿ ಕೂತ ಒಬ್ಬಾಕೆಗೆ, "ಯಾಕವಾ, ಗಂಡನ ಹೆಸರ ಮರತಿ ಏನ? ನೆರಮನ್ಯಾಕಿನ್ನ ಕೇಳು," ಎಂದಳು. ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಆ ನಗೆಯ ಮರೆಯಲ್ಲಿ ನಾವು ಕೊನೆಯ ಟಾಕಿ ಹಾಕಿ ದಾರ ಕಡಿದೆವು.

ಹುಕ್ಕು ಬಿದ್ದವು. ಅಕ್ಕ ಹಸಿರು ಸೀರೆಯಲ್ಲಿ, ಹಸಿರು ಕುಬಸದಲ್ಲಿ ಹೊರಗೆ ಬಂದು ಮಣೆಯ ಮೇಲೆ ಕೂತಳು. ಸೆರಗಿನ ಮರೆಗೆ ಬಗಲು ಯಾರಿಗೂ ಕಾಣಲಿಲ್ಲ. "ಛಂದ ಕುಂತೈತಿ ಬಿಡ್ರಿ ಕುಬಸಾ," ಎಂದು ಯಾರೋ ಹೇಳಿದರು. ನನ್ನ ಕಿವಿ ಸುಟ್ಟಿತು.

ತೋಳಿಲ್ಲದ ಪೋಲಕಾದಲ್ಲಿ ನಾನು ಹೊರಗೆ ಬರಬೇಕಲ್ಲ. ಆ ಕಾಲದ ಲಕ್ಷ್ಮೇಶ್ವರದಲ್ಲಿ ಬೆಳೆದ ಹುಡುಗಿ ಬರೇ ತೋಳಿನಲ್ಲಿ ಪಡಸಾಲೆಗೆ ಬರುವುದೆಂದರೆ! ಗೂಟಕ್ಕಿದ್ದ ಬಿಳೇ ಟಾವೆಲ್ಲೊಂದನ್ನು ಸುತ್ತಿಕೊಂಡೆ. ಆದರೆ ಎಲೆ ಹಾಕಿದ ಮೇಲೆ ತುಪ್ಪ ಬಡಿಸುವುದು ತವರಿನ ಹುಡುಗಿಯೇ. ಬಗ್ಗಿದರೆ ಟಾವೆಲ್ಲು ಜಾರುತ್ತದೆ, ಟಾವೆಲ್ಲು ಹಿಡಿದರೆ ತುಪ್ಪ ಚೆಲ್ಲುತ್ತದೆ.

"ಬಂದಾಗ ತೋಳ ಇದ್ವಲ್ಲವಾ ತಂಗಿ? ಎಲ್ಲಿ ಹೋದ್ವು?" ಎಂದಳು ಊಟಕ್ಕೆ ಕೂತ ಒಬ್ಬಾಕೆ.

"ಗದಗಿನ ಹೊಸಾ ಫ್ಯಾಶನ್ ಇರಬೇಕು. ಮಧ್ಯಾಹ್ನಕ್ಕ ತೋಳ ತಗದ ಇಡತಾರ."

"ಬೆಕ್ಕ ಒಯ್ತು ತಗೊಳ್ರಿ," ಎಂದಳು ದೊಡ್ಡವ್ವ. "ಬದನಿಕಾಯಿ ಅಂದ್ಕೊಂಡು."

ಮತ್ತೆ ನಗೆ. ಅಕ್ಕನ ಅತ್ತೆ ಮಾತ್ರ ನಗಲಿಲ್ಲ. ಮೊದಲು ಬದನೆಕಾಯಿ ಎಂದವರು ಅವರೇ. ನನ್ನ ಕೈಯಿಂದ ತುಪ್ಪದ ಗಿಂಡಿ ಇಸಿದುಕೊಂಡು, "ನೀ ಹೋಗಿ ಅಕ್ಕನ ಬಾಜೂಕ ಕುಂದ್ರು," ಎಂದು ತಾವೇ ಬಡಿಸಿದರು. ಹೊರಡುವಾಗ ನಮ್ಮೆಲ್ಲರಿಗೂ ಅರಿಷಿಣ ಕುಂಕುಮ ಹಚ್ಚಿ ಉಡಿ ತುಂಬಿದರು. ನನ್ನ ಉಡಿಗೆ ಅಕ್ಕಿ, ಕೊಬ್ಬರಿ ಜೊತೆಗೆ ಒಂದು ಖಣ ಹಾಕಿ, ಕಿವಿಯ ಹತ್ತಿರ ಬಗ್ಗಿದರು. "ನಿನಗ ಹೊಲಕೋ. ತೋಳ ಇಡು." ಅವರ ಕಣ್ಣು ನನ್ನ ಕಣ್ಣಿಗೆ ಕೂಡಲಿಲ್ಲ. ನನ್ನದೂ ಕೂಡಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ದೊಡ್ಡವ್ವ ಗೊರಕೆ ಹೊಡೆಯುತ್ತಿದ್ದಳು. ನಾನು ಅವ್ವನ ಶಾಲು ಹೊದ್ದು ಕಿಡಕಿಗೆ ಆತುಕೊಂಡಿದ್ದೆ. ಶಿರಹಟ್ಟಿ ದಾಟಿದ ಮೇಲೆ ಅವ್ವ ಬಾಯಿ ಬಿಟ್ಟಳು.

"ಆಕಿ ತಗದಿಟ್ಟ ಕುಬಸಾ ಹೆಂಗಿತ್ತು?"

"ಚಲೋ ಇತ್ತು."

"ಹೂಂ," ಎಂದಳು. "ಆ ನೀಲೀದು ಮದುವ್ಯಾಗ ನಾನ ಹೊಲಿಸಿದ್ದು. ನೋಡಿದ ಕೂಡ್ಲೆ ಗೊತ್ತಾತು ನನಗ, ಮೈಮ್ಯಾಲಿಂದು ಕಳಿಸಿಲ್ಲ ಅಂತ. ಯಾಕಂತ ಕೇಳಾಕ ನಾಚಿಕಿ ಬಂತು. ಕೇಳಿದ್ರ ಏನ ಹೇಳತಾಳೋ ಅಂತ ಅಂಜಿಕಿ. ನೀ ಹೊಲಿತಿದ್ದಿ, ಅಂದೆ ಹೊಲೀಲಿ." ಶಾಲು ನನ್ನ ತೋಳಿನಿಂದ ಜಾರಿತ್ತು, ಎಳೆದು ಹೊದಿಸಿದಳು.

ಮರುದಿನ ನಾನು ಮಷೀನಿನ ಮುಂದೆ ಕೂರಲಿಲ್ಲ. ಕ್ಲಾಸಿಗೂ ಹೋಗಲಿಲ್ಲ. ಅಪ್ಪ ಯಾಕೆಂದು ಕೇಳಿದರೆ ತಲೆನೋವು ಎಂದೆ. ಅವ್ವ ತನ್ನ ಪೆಟ್ಟಿಗೆಯಿಂದ ಉಡಿಯಲ್ಲಿ ಬಂದ ಖಣಗಳನ್ನೆಲ್ಲ ತೆಗೆದು, ಅಕ್ಕನಿಗೆಂದು, ನನ್ನ ಮುಂದೆ ಇಟ್ಟಳು. ಅಕ್ಕ ಬಾಣಂತನಕ್ಕೆ ಬಂದು ಟಾಂಗಾದಿಂದ ಇಳಿದ ದಿನ ಅವು ಇನ್ನೂ ಹಾಗೆಯೇ ಇದ್ದವು. ಅಳತೆ ಇಲ್ಲದೆ ಹೊಲಿಯುವ ಧೈರ್ಯ ನನಗಿರಲಿಲ್ಲ, ಅಳತೆ ಕೇಳುವ ಮುಖವೂ ಇರಲಿಲ್ಲ. ಅಕ್ಕ ಒಳಗೆ ಬಂದಳು, ಖಣ ನೋಡಿದಳು, ಅವ್ವನನ್ನು ನೋಡಿದಳು. ಆಮೇಲೆ ಸೆರಗು ತೆಗೆದು ಎರಡೂ ಕೈ ಮೇಲೆತ್ತಿ, ಅವ್ವನ ಎದುರಿಗೇ, ಅಂಥದ್ದೇ ಇನ್ನೊಂದು ತೇಪೆಯ ಕುಬಸದಲ್ಲಿ ನಿಂತಳು.

"ಬಾ. ಈಗ ಮೈಮ್ಯಾಲಿನ ಅಳತಿನ ತಗೋ."

ಟೇಪು ಹಿಡಿದೆ. ಅದರ ಮೇಲಿನ ಅಂಕಿ ನನಗೆ ಕಾಣಲಿಲ್ಲ, ಕಣ್ಣು ತುಂಬಿತ್ತು. ಅವ್ವ ನೋಡಿ ಹೇಳಿದಳು.

ಆ ತೋಳಿಲ್ಲದ ಪೋಲಕಾವನ್ನು ಎಸೆಯಲು ಅವ್ವ ಬಿಡಲಿಲ್ಲ. ಕೂಸು ಹುಟ್ಟಿದ ಮೇಲೆ ಅದನ್ನು ಬಿಚ್ಚಿ, ತಲೆ ಮುಚ್ಚಿ ಬೆನ್ನಿನ ತನಕ ಇಳಿಯುವ ಕುಂಚಗಿ ಮಾಡಿದೆ. ಹೆಸರಿಡುವ ದಿನ ಲಕ್ಷ್ಮೇಶ್ವರದವರು ಬಂದರು. ಅಕ್ಕನ ಅತ್ತೆ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಹಸಿರು ಕುಂಚಗಿಯ ಕೆಂಪು ದಡಿಯನ್ನು ಬಹಳ ಹೊತ್ತು ಹೆಬ್ಬೆರಳಿನಿಂದ ಸವರುತ್ತ ಕೂತರು. ಗುರುತು ಹಿಡಿದಿದ್ದರು. ಅಂಚನ್ನು ಸ್ವಲ್ಪ ಹೊರಳಿಸಿ ಒಳಗೆ ನೋಡಿ, ನನ್ನ ಕಡೆ ನೋಡದೆ ಕೇಳಿದರು.

"ಒಳಗ ಬಟ್ಟಿ ಬಿಟ್ಟೀ?"

"ಬಿಟ್ಟೇನ್ರಿ ಅತ್ತಿ. ಬೆರಳ ತುಂಬ."

"ಚಲೋ ಮಾಡಿದಿ," ಎಂದರು. "ಬೆಳಿಯೂ ಕೂಸು."